ಎರಡು ಸೆಕೆಂಡಿನ ಸದ್ದು

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಕನ್ನಪ್ಪನ ಗ್ಯಾರೇಜು. ಕವನಾ ಬೈಕು ತಳ್ಳಿಕೊಂಡು ಅಲ್ಲಿಗೆ ಬಂದಾಗ ಬೆಳಗಿನ ಎಂಟು ಗಂಟೆ ಐದು ನಿಮಿಷ. ಮೈಯೆಲ್ಲ ಬೆವರು. ಒಂಬತ್ತೂವರೆಗೆ ಸಾಗರದ ಮೈದಾನದಲ್ಲಿ ಅವಳ ಹೆಸರು ಕರೆಯುತ್ತಾರೆ. ಕರೆಂಟಿನ ಲೈನ್ ಕೆಲಸಕ್ಕೆ ಕಂಬ ಹತ್ತುವ ಪರೀಕ್ಷೆ. ಕರೆದಾಗ ಎದುರಿಗಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ವಯಸ್ಸಿನ ಮಿತಿ ದಾಟುವುದರಿಂದ ಇನ್ನೊಂದು ಸಲ ಎನ್ನುವುದು ಅವಳ ಪಾಲಿಗಿರಲಿಲ್ಲ.

"ಹುಲಿಕಲ್ಲಿಂದ ಇಲ್ಲೀತನಕ ಚೆನ್ನಾಗೇ ಬಂತು ಕನ್ನಪ್ಪಣ್ಣ. ಝೆರಾಕ್ಸ್ ಅಂಗಡಿ ಎದ್ರು ನಿಲ್ಸಿದ್ದೇ ತಪ್ಪಾಯ್ತು. ಸೆಲ್ಫ್ ತಿರುಗ್ತದೆ, ಸ್ಟಾರ್ಟ್ ಆಗ್ತಿಲ್ಲ."

ಸಾಗರದ ಬಸ್ಸು ಹೋಗಿ ಕಾಲು ಗಂಟೆಯಾಗಿತ್ತು, ಮುಂದಿನದು ಒಂಬತ್ತಕ್ಕೆ. ಸ್ಟ್ಯಾಂಡಿನ ಬಾಡಿಗೆ ಕಾರುಗಳೆಲ್ಲ ಯಾವುದೋ ಮದುವೆಯ ದಿಬ್ಬಣಕ್ಕೆ ಹೋಗಿದ್ದವು. ಗ್ಯಾರೇಜಿನಲ್ಲಿದ್ದ ಇನ್ನೊಂದೇ ಬೈಕು ಮಂಜುನಾಥಪ್ಪನದು. ಅದರ ಬಿಚ್ಚಿದ ಹಿಂದಿನ ಚಕ್ರ ನೆಲದ ಮೇಲೆ ಬಿದ್ದಿತ್ತು. ಮಂಜುನಾಥಪ್ಪ ಬೆಂಚಿನ ಮೇಲೆ ಚಹಾ ಹೀರುತ್ತ, ಯಾರೂ ಕೇಳದಿದ್ದರೂ ಸಲಹೆ ಕೊಡಲು ಸಿದ್ಧನಾಗಿ ಕೂತಿದ್ದ.

ಸುತ್ತಲಿನ ಊರುಗಳಲ್ಲಿ ಕನ್ನಪ್ಪನಿಗೆ 'ಕಿವಿ ಕನ್ನಪ್ಪ' ಎಂದೇ ಹೆಸರು. ಒಂದು ಕಾಲಕ್ಕೆ ಗೇಣಿ ಮಾಡುತ್ತಿದ್ದ ಮನೆತನ. ಗದ್ದೆಗೆ ಇಳಿಯಲಾರೆ ಎಂದು ಹಟ ಹಿಡಿದು ಹದಿನಾರನೇ ವಯಸ್ಸಿಗೆ ತೀರ್ಥಹಳ್ಳಿಯ ಗ್ಯಾರೇಜೊಂದನ್ನು ಸೇರಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಗಾಡಿಯ ಕಾಯಿಲೆ ಹೇಳುವುದನ್ನು ಅಲ್ಲೇ ಕಲಿತ. ತಿರುವಿನಲ್ಲಿ ಬರುತ್ತಿರುವ ಗಾಡಿ ಯಾರದು, ಅದಕ್ಕೇನಾಗಿದೆ ಎಂದು ತಲೆಯೆತ್ತದೆ ಹೇಳುತ್ತಿದ್ದ ಆಸಾಮಿ. ಮೂವತ್ತು ವರ್ಷ ಅನ್ನ ಹಾಕಿದ ಆ ಕಿವಿ ಈಗ ಎರಡು ವರ್ಷದಿಂದ ಕೈಕೊಟ್ಟಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಹೇಗೋ ನಿಭಾಯಿಸುತ್ತಿದ್ದ, ಸಣ್ಣ ಸದ್ದುಗಳಂತೂ ಪೂರ್ತಿ ಹೋಗಿಬಿಟ್ಟಿದ್ದವು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಪುಷ್ಪಮ್ಮ ಕೂಡ ಗಂಡನಿಗೆ ಈಚೆಗೆ ಧಿಮಾಕು ಜಾಸ್ತಿಯಾಗಿದೆ ಎಂದುಕೊಂಡಿದ್ದಳೇ ಹೊರತು ಕಿವಿಯ ಮೇಲೆ ಅನುಮಾನ ಪಟ್ಟವಳಲ್ಲ. ಕಿವಿ ಹೋದ ಕಿವಿ ಕನ್ನಪ್ಪನ ಹತ್ತಿರ ಗಾಡಿ ತರುವವರು ಯಾರು? ಆ ಹೆದರಿಕೆ ಅವನ ಬಾಯಿ ಕಟ್ಟಿಹಾಕಿತ್ತು.

"ಮೊದ್ಲು ಕೀ ಹಾಕಿ, ಪಂಪು ಗುಂಯ್ ಅಂತದಾ ನೋಡು ಮಾರಾಯಾ" ಎಂದ ಮಂಜುನಾಥಪ್ಪ.

ಮಾತು ಸರಿಯೇ ಇತ್ತು. ಈಗಿನ ಬೈಕುಗಳಲ್ಲಿ ಪೆಟ್ರೋಲು ನೂಕುವ ಪುಟ್ಟ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಕೀ ತಿರುಗಿಸಿದೊಡನೆ ಎರಡು ಸೆಕೆಂಡು ದುಂಬಿಯ ಹಾಗೆ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಕನ್ನಪ್ಪ ಟ್ಯಾಂಕಿಗೆ ಕಿವಿಯಿಟ್ಟು, ಅಂಗೈ ಊರಿ, ಕೀ ತಿರುಗಿಸಿದ. ಅಂಗೈಗೆ ಏನೋ ನಡುಗಿದಂತಾಯಿತು. ಅದು ಪಂಪೋ, ರಸ್ತೆಯಲ್ಲಿ ಹೋದ ಲಾರಿಯೋ ತಿಳಿಯಲಿಲ್ಲ. ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು.

"ಬರ್ತಾ ಇದೆ" ಎಂದುಬಿಟ್ಟ.

ಫ್ಯೂಸು ನೋಡಿದ, ಸರಿಯಿತ್ತು. ಪ್ಲಗ್ ಬಿಚ್ಚಿ ಪರೀಕ್ಷಿಸಿದ, ನೀಲಿ ಕಿಡಿ ಪಟ್ಟೆಂದು ಹಾರಿತು. ಆದರೆ ಅಷ್ಟು ಹೊತ್ತು ಸೆಲ್ಫ್ ಹೊಡೆದಿದ್ದರೂ ಪ್ಲಗ್ ಒಣಗಿಕೊಂಡೇ ಇತ್ತು. ಅಂದರೆ ಎಂಜಿನ್ನಿಗೆ ಪೆಟ್ರೋಲು ಹೋಗುತ್ತಲೇ ಇಲ್ಲ.

ಪಂಪು ಓಡುತ್ತಿದ್ದರೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಂಡಿರಬೇಕು, ಅದನ್ನು ಬಿಚ್ಚಿ ತೊಳೆಯಬೇಕು. ಓಡದಿದ್ದರೆ ಟ್ಯಾಂಕು ಎತ್ತಿ ಪಂಪಿನ ವೈರು ನೋಡಬೇಕು. ಒಂದೊಂದಕ್ಕೂ ಕಾಲು ಗಂಟೆ ಬೇಕು. ಈಗಾಗಲೇ ಎಂಟೂ ಇಪ್ಪತ್ತು. ಎಷ್ಟು ಜೋರಾಗಿ ಓಡಿಸಿದರೂ ಸಾಗರಕ್ಕೆ ಐವತ್ತು ನಿಮಿಷ. ಒಂದನ್ನು ಮಾಡಿದರೆ ಇನ್ನೊಂದಕ್ಕೆ ಹೊತ್ತಿಲ್ಲ.

ಅವನ ಕೈ ಇಂಜೆಕ್ಟರಿನ ಕಡೆಗೇ ಹೋಯಿತು. ಪಂಪಿನ ಸದ್ದು ಬರುತ್ತಿದೆ ಎಂದವನು ಇನ್ನೆಲ್ಲಿಗೆ ಕೈ ಹಾಕಿಯಾನು? ಸ್ಪ್ಯಾನರ್ ಬೋಲ್ಟಿನ ಮೇಲೆ ಕೂತಿತು.

"ಆಗ್ತದಾ ಅಣ್ಣಾ? ಆರು ತಿಂಗಳಿಂದ ಹಿತ್ಲಲ್ಲಿ ಕಂಬ ನಿಲ್ಸ್ಕೊಂಡು ದಿನಾ ಹತ್ತಿದೀನಿ." ಕವನಾಳ ತುಟಿ ಅದುರುತ್ತಿತ್ತು, ಆದರೂ ಕನ್ನಪ್ಪನಿಗೆ ಒಂದೊಂದು ಮಾತೂ ತಿಳಿಯಿತು. ಟ್ಯಾಂಕು ಹಿಡಿದಿದ್ದ ಅವಳ ಅಂಗೈ ದಡ್ಡುಗಟ್ಟಿ ಒಡೆದಿತ್ತು. ಅದನ್ನು ನೋಡಿದವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಸ್ಪ್ಯಾನರ್ ಕೆಳಗಿಟ್ಟ.

"ಕವನಾ, ನಾ ಸುಳ್ಳು ಹೇಳ್ದೆ. ಪಂಪಿನ ಸದ್ದು ನಂಗೆ ಕೇಳ್ಲಿಲ್ಲ. ನಂಗೆ ಕಿವಿ ಕೇಳೋದಿಲ್ಲ. ನೀನು ಕೇಳು."

ಮಂಜುನಾಥಪ್ಪನ ಚಹಾದ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಕವನಾ ಬಗ್ಗಿ ಟ್ಯಾಂಕಿಗೆ ಕಿವಿಯೊತ್ತಿದಳು. ಕನ್ನಪ್ಪ ಕೀ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ.

"ಏನೂ ಇಲ್ಲ."

"ಸಣ್ಣಗೂ ಇಲ್ವಾ?"

"ಇಲ್ಲ ಅಣ್ಣಾ. ಏನೂ ಇಲ್ಲ!"

ಟ್ಯಾಂಕಿನ ಬೋಲ್ಟು ಬಿಚ್ಚುವಾಗ ಕನ್ನಪ್ಪನ ಗೆಣ್ಣು ತರಚಿ ರಕ್ತ ಬಂತು, ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಟ್ಯಾಂಕು ಎತ್ತಿ ಹಿಡಿಯಲು ಮಂಜುನಾಥಪ್ಪ ತಾನಾಗಿ ಬಂದ, ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು. ಪಂಪಿನ ವೈರು ಸೇರುವ ಜಾಗ ಥಂಡಿಗೆ ಹಸಿರಾಗಿ ಕಿಲುಬು ಹಿಡಿದಿತ್ತು. ಕನ್ನಪ್ಪ ಅದನ್ನು ಉಜ್ಜಿ, ಹೊಳಪು ಬರಿಸಿ, ಗಟ್ಟಿಯಾಗಿ ಒತ್ತಿ ಕೂರಿಸಿದ. ಕೀ ತಿರುಗಿಸಿದಾಗ ಕವನಾಳ ಕಣ್ಣು ಅರಳಿದ್ದೇ ಅವನಿಗೆ ಉತ್ತರವಾಯಿತು. ಬಟನ್ ಒತ್ತಿದೊಡನೆ ಎಂಜಿನ್ ಹತ್ತಿಕೊಂಡಿತು. ಟ್ಯಾಂಕಿನ ಬೋಲ್ಟುಗಳು ಬಿಗಿಯಾಗುವಷ್ಟರಲ್ಲಿ ಎಂಟೂ ಮೂವತ್ತಾರು. ಅವಳು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಲೇ ಸಾಗರದ ರಸ್ತೆಗೆ ತಿರುಗಿದಳು.

ಈಗ ಉಳಿದವನು ಮಂಜುನಾಥಪ್ಪ.

"ಹೋದ ತಿಂಗಳು ನನ್ ಗಾಡಿ ಎಂಜಿನ್ನಲ್ಲಿ ಟಕಟಕ ಅಂತದೆ ಅಂದಿದ್ದೆ. ಕಿವಿ ಇಟ್ಟು ಕೇಳಿ, ಏನೂ ಇಲ್ಲ, ಹೋಗು ಅಂದಿದ್ಯಲ್ಲ ನೀನು?"

ಕನ್ನಪ್ಪ ತಲೆ ತಗ್ಗಿಸಲಿಲ್ಲ, ತಗ್ಗಿಸಿದರೆ ತುಟಿ ಕಾಣುತ್ತಿರಲಿಲ್ಲ. "ಅದೂ ಕೇಳಿರ್ಲಿಲ್ಲ" ಎಂದ.

"ಹೆಂಡ್ತೀನ ಹಿಂದೆ ಕೂರಿಸ್ಕೊಂಡು ಎರಡು ಸಲ ಘಾಟಿ ಇಳಿದಿದೀನಿ ಕಣೋ ಅದ್ರಲ್ಲಿ!"

ಮಂಜುನಾಥಪ್ಪ ಲೋಟವನ್ನು ಬೆಂಚಿನ ಮೇಲೆ ಕುಕ್ಕಿ ಬೆನ್ನು ತಿರುಗಿಸಿ ಹೊರಟ. ಹೋಗುತ್ತ ಕೈ ಬೀಸಿ ಏನೋ ಹೇಳಿದ. ಬೈಗುಳವೇ ಇರಬೇಕು. ಎರಡು ವರ್ಷದಿಂದ ಇಂಥ ಹೊತ್ತಿನಲ್ಲೆಲ್ಲ ಕನ್ನಪ್ಪ ಕೇಳಿಸಿದವನಂತೆ ಹೂಂಗುಟ್ಟಿ ತಲೆಯಾಡಿಸಿಬಿಡುತ್ತಿದ್ದ. ಈಗಲೂ ತಲೆ ತಾನಾಗಿ ಅಲ್ಲಾಡಿತು. ಮರುಕ್ಷಣ ಓಡಿಹೋಗಿ ಅವನ ಎದುರಿಗೆ ಅಡ್ಡ ನಿಂತ.

"ಏನಂದಿ ಮಂಜುನಾಥಪ್ಪ? ನಂಗೆ ಕೇಳ್ಲಿಲ್ಲ."

ಮಂಜುನಾಥಪ್ಪ ಅವನ ಮುಖ ನೋಡಿದ. ಆಮೇಲೆ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ:

"ಎಂಜಿನ್ ಬಿಚ್ಚಿಡು, ಸಂಜೆ ಬಂದು ನಾನೂ ಕೂತು ನೋಡ್ತೀನಿ ಅಂದೆ!"