ಗೋಡೆಗೆ ಗೊತ್ತೈತೆ

ಗಂಡಸಿ ಊರಿನಲ್ಲಿ ರಾಗಿ ಮಿಲ್ಲು ನಡೆಸುತ್ತಿದ್ದ ಆ ಅಮ್ಮ, ಕರೆಂಟು ಹೋದಾಗಲೆಲ್ಲ ಇದ್ದಿಲಿನಿಂದ ಗೋಡೆಯ ಮೇಲೊಂದು ಗೆರೆ ಎಳೆಯುತ್ತಿದ್ದರು. ಹಿಟ್ಟಿಗೆ ಕಾದು ಕೂತ ನಾವು ಗೊಣಗಿದರೆ, "ಸುಮ್ನಿರಿ, ಗೋಡೆಗೆ ಗೊತ್ತೈತೆ" ಎನ್ನುತ್ತಿದ್ದರು.

ವಿದ್ಯುತ್ ದರ ಏರಿಕೆಯ ಬಗ್ಗೆ ಅರಸೀಕೆರೆಯಲ್ಲಿ ಅಹವಾಲು ಸಭೆ ನಡೆದಾಗ ಅವರ ಜೊತೆ ನಾನೂ ಹೋಗಿದ್ದೆ. ಅವರ ಸೆರಗಿನಲ್ಲಿ ಇನ್ನೂ ಹಿಟ್ಟಿತ್ತು.

"ಕೊಡದೇ ಇರೋ ಕರೆಂಟಿಗೆ ರೇಟ್ ಯಾಕೆ ಜಾಸ್ತಿ ಮಾಡ್ತೀರಿ ಸ್ವಾಮಿ?"

ಅಧಿಕಾರಿ ದಾಖಲೆ ಕೇಳಿದರು.

"ಗೋಡೆ ಮೇಲೈತೆ. ಗೋಡೆ ಬಸ್ ಹತ್ತಲ್ಲ, ನೀವೇ ಬನ್ನಿ."

ಸಭೆಯೆಲ್ಲ ನಕ್ಕಿತು. ಅವರು ಮಾತ್ರ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು.

ಯಾರೂ ಬರಲಿಲ್ಲ, ದರ ಏರಿತು. ಯುಗಾದಿಗೆ ಮಿಲ್ಲಿಗೆ ಸುಣ್ಣ ಹೊಡೆಸಿದಾಗಲೂ ಅವರು ಆ ಗೋಡೆಯನ್ನು ಮುಟ್ಟಗೊಡಲಿಲ್ಲ.

ಈಗ ಅವರಿಲ್ಲ. ಮೊನ್ನೆ ನಾನು ಮಿಲ್ಲಿನಲ್ಲಿದ್ದಾಗಲೇ ಕರೆಂಟು ಹೋಯಿತು. ಸರದಿಯಲ್ಲಿದ್ದ ಹೆಂಗಸೊಬ್ಬರು ಎದ್ದು, ಕಿಟಕಿಯಲ್ಲಿದ್ದ ಇದ್ದಿಲು ಕೈಗೆತ್ತಿಕೊಂಡರು.