ವಿಳಾಸ ಬರೆದುಕೊಂಡವನ ಮೇಲೆ ಸರ್ ಸಿಟ್ಟು

ಲಕ್ಷ್ಮೇಶ್ವರದ ನಮ್ಮ ಕಂಪ್ಯೂಟರ್ ಸರ್ ಸಿಟ್ಟಿಗೆದ್ದರೆ ಫ್ಯಾನು ಹೆದರಿ ಉಲ್ಟಾ ತಿರುಗುತ್ತಿತ್ತು. ಕೋಡಿನಲ್ಲಿ ಒಂದು ಕಾಮಾ ತಪ್ಪಿದರೂ "ತಲಿ ಎಲ್ಲಿಟ್ಟಿಯಲೇ?" ಎನ್ನುವರು.

ಹುಲಕೋಟಿಯ ಪ್ರೋಗ್ರಾಮಿಂಗ್ ಸ್ಪರ್ಧೆಯ ಹಿಂದಿನ ದಿನ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಲೆಂದು ನಾನು ಬರೆದಿದ್ದ ಕಂಪೈಲರ್ ಅವರೆದುರೇ ಕುಸಿದುಬಿತ್ತು.

"ತಲಿ ಎಲ್ಲಿಟ್ಟಿಯಲೇ? ಡೇಟಾ ವಸ್ತು ಮೆಮೊರಿಯೊಳಗ ಇರೋ ಜಾಗದ ವಿಳಾಸ ನೇರ ಬರಕೊಂಡಿಯೇನು?"

"ಹೌದ್ರಿ ಸರ್."

"ಮೆಮೊರಿಯೊಳಗಿನ ಕಸ, ಅಂದ್ರ ಬ್ಯಾಡಾದ ಡೇಟಾ, ಗುಡಸುವಾಗ ಪ್ರೋಗ್ರಾಂ ಓಡಸೋ ವರ್ಚುವಲ್ ಮಷಿನ್ನು ಉಳಿದ ವಸ್ತು ಸರಸಿ ಬ್ಯಾರೆ ಕಡೆ ಇಡತೈತಿ. ಹಳೇ ಜಾಗಾದಾಗ ಕೈ ಹಾಕಿದ್ರ ಏನ್ ಸಿಗತೈತಿ? ವಿಳಾಸ ಬಿಡು, ಚೀಟಿ ಹಿಡಿ! ವಸ್ತು ಸರದ್ರ ಚೀಟಿಯೊಳಗಿನ ವಿಳಾಸ ಮಷಿನ್ನೇ ತಿದ್ದತೈತಿ."

"ಗುಡಸೋದನ್ನ ಬಂದ್ ಮಾಡಿದ್ರ ಹೆಂಗ್ರಿ ಸರ್?"

ಸರ್ ಮೇಜು ಗುದ್ದಿದ ರಭಸಕ್ಕೆ ಮೂರು ಕೀಬೋರ್ಡುಗಳು ತಾವೇ ಟೈಪು ಮಾಡಿದವು.

ಸಂಜೆಯವರೆಗೆ ಕೂತು ವಿಳಾಸಗಳನ್ನೆಲ್ಲ ಅಳಿಸಿ ಚೀಟಿ ಹಾಕಿದೆ. ಕಸ ಗುಡಿಸುತ್ತಿದ್ದಾಗಲೂ ಕಂಪೈಲರ್ ಬೀಳದೆ ಓಡಿತು. ನಾನು ಹಲ್ಲು ಕಿರಿದೆ.

ಸರ್ ಕುರ್ಚಿ ಎಳೆದು ಪಕ್ಕದಲ್ಲೇ ಕುಳಿತರು.

"ನಗಬ್ಯಾಡ. ಇನ್ನೂ ನೂರು ಸರ್ತಿ ಓಡಸು. ಬೀಳ್ತೈತಿ ಅಂದ್ರ ನನ್ನ ಮುಂದ ಬೀಳ್ಲಿ."