ನಾಲ್ಕು ಗಂಡು ಮೀನು, ಒಂದು ಕ್ಯಾನು

ಶುದ್ಧ ನೀರಿನಲ್ಲಿಟ್ಟ ಆರು ಗಂಡು ಮೀನುಗಳ ಪೈಕಿ ನಾಲ್ಕರ ರಕ್ತದಲ್ಲಿ, ಹೆಣ್ಣು ಮೀನು ಮಾತ್ರ ತಯಾರಿಸುವ ಮೊಟ್ಟೆಯ ಪ್ರೋಟೀನು ಸಿಕ್ಕಿದೆ. ಬರೆದಿಟ್ಟರೆ ಮೂರು ವರ್ಷದ ಸಂಶೋಧನೆ ನೀರುಪಾಲು. ಬರೆಯದಿದ್ದರೆ? 1998ರ ಆ ಬೆಳಿಗ್ಗೆ ಸಂಶೋಧನಾ ವಿದ್ಯಾರ್ಥಿ ಚಂದ್ರಶಾನ ಪೆನ್ಸಿಲು ಪುಟದ ಮೇಲೆಯೇ ನಿಂತುಬಿಟ್ಟಿತ್ತು.

ಅವನ ಮಾರ್ಗದರ್ಶಕಿ, ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ತುಳಜಾಬಾಯಿಯವರು ಕಲಬುರಗಿಯಲ್ಲಿ ಮೂವತ್ತೆರಡು ವರ್ಷ ಪ್ರಾಣಿಶಾಸ್ತ್ರ ಕಲಿಸಿದವರು. ಹೆಣ್ಣು ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕಗಳು ನೀರಿನಲ್ಲಿವೆಯೇ ಎಂಬುದನ್ನು ಚೇಳುಮೀನುಗಳ ಮೂಲಕ ಪತ್ತೆಹಚ್ಚುವ ಕೆಲಸವನ್ನು, ಸೋರುವ ಎರಡು ಸಿಮೆಂಟು ತೊಟ್ಟಿಗಳಿಂದ ಆರಂಭಿಸಿ, ಒಂದು ಪರಂಪರೆಯನ್ನಾಗಿ ಬೆಳೆಸಿದವರು. ಊಟ ತರದ ವಿದ್ಯಾರ್ಥಿ ಯಾರೆಂದು ಅವರಿಗೆ ಹೇಗೋ ತಿಳಿಯುತ್ತಿತ್ತು. ಅವರ ಡಬ್ಬಿಯಲ್ಲಿ ಎರಡು ರೊಟ್ಟಿ ಯಾವಾಗಲೂ ಹೆಚ್ಚಿಗೆ ಇರುತ್ತಿದ್ದವು.

ನಗರದ ಮೋರಿ ನೀರಿಗೆ ಹೋಲಿಕೆಯಾಗಿ ಚಂದ್ರಶಾ ಬಳಸಿದ್ದು ಕಮಲಾಪುರದ ತನ್ನ ಮನೆಯ ಬಾವಿ ನೀರನ್ನು. ಸಂಶೋಧನೆಗಿಂತ ಹೆಚ್ಚಾಗಿ ಬಾವಿಯ ಮಾನ ಹೋಯಿತೆಂಬ ಸಂಕಟ ಅವನಿಗೆ.

"ಮೇಡಂ, ನಮ್ಮ ಬಾವಿ ನೀರೇ ಕೆಟ್ಟಾದ ಅನಸ್ತದ್ರಿ," ಎಂದು ಪುಸ್ತಕ ಚಾಚಿದ.

ಮೇಡಂ ಪುಟ ನೋಡಿದರು. ಆ ಮೀನುಗಳ ಫಲಿತಾಂಶದ ನಾಲ್ಕು ಚೌಕಗಳಲ್ಲಿ ರಬ್ಬರು ಉಜ್ಜಿ ಕಾಗದ ಒರಟಾಗಿತ್ತು. ಅಲ್ಲಿ ಒಮ್ಮೆ ಬೆರಳಾಡಿಸಿ, ತಮ್ಮ ಪೆನ್ನು ಕೊಟ್ಟರು.

"ಸಿಕ್ಕಿದ್ದು ಬರಿ. ಇನ್ಮ್ಯಾಲೆ ಪೆನ್ನಿಲೇನೇ ಬರಿ. ಆಮ್ಯಾಲೆ ನಡಿ, ಬಾವೀನೇ ಕೇಳಿ ಬರೋಣ."

ಕಮಲಾಪುರದಿಂದ ಹಿಂದಿರುಗುವಾಗ ಬಸ್ಸಿನಲ್ಲಿ, ಕೌದಿ ಸುತ್ತಿದ ಬಾವಿ ನೀರಿನ ಗಾಜಿನ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಪ್ರೊಫೆಸರರನ್ನು ಕಂಡು ಕಂಡಕ್ಟರನಿಗೆ ನಗೆ ತಡೆಯಲಾಗಲಿಲ್ಲ.

"ಯಾಕ್ರಿ ಬಾಯಾರ, ಗುಲ್ಬರ್ಗಾದಾಗ ನೀರಿಲ್ಲೇನ್ರಿ?"

"ಅದಾವಪ್ಪ. ನಮ್ಮ ಗಂಡು ಮೀನ ಒಪ್ಪವಲ್ಲವು!"

ಮೂರು ವಾರ ಕಳೆದವು. ಗಾಜಿನ ಜಾಡಿಯಲ್ಲಿ ಬಂದ ಅದೇ ಬಾವಿಯ ನೀರಿನಲ್ಲಿ ಈಜಿದ ಹೊಸ ಗಂಡು ಮೀನುಗಳ ರಕ್ತದಲ್ಲಿ ಆ ಪ್ರೋಟೀನು ಇರಲಿಲ್ಲ. ಹಾಗಾದರೆ ಮೊದಲು ನೀರು ಬಂದದ್ದು ಯಾವುದರಲ್ಲಿ? ನಂದೂರಿನ ಗುಜರಿ ಅಂಗಡಿಯಲ್ಲಿ ಚಂದ್ರಶಾ ಕೊಂಡು, ಏಳು ಸಲ ತೊಳೆದಿದ್ದ ನೀಲಿ ಕ್ಯಾನಿನಲ್ಲಿ. ಪ್ರಯೋಗಾಲಯದ ಸಹಾಯಕ ನಬಿಸಾಬ್ ಅದಕ್ಕೆ ಅರ್ಧ ನೀರು ತುಂಬಿ ಜೋರಾಗಿ ಅಲುಗಾಡಿಸಿದರು. ಕ್ಯಾನಿನ ಬಾಯಿಂದ ನೊರೆ ಉಕ್ಕಿತು.

"ಮೀನಿಂದೂ ತಪ್ಪಿಲ್ಲ, ಬಾವೀದೂ ತಪ್ಪಿಲ್ಲರೀ ಮೇಡಂ. ಈ ಕ್ಯಾನ್ ಇನ್ನಾ ಜಳಕಾ ಮಾಡಾಕತ್ತದ!"

ಕಾರ್ಖಾನೆಯ ಮಾರ್ಜಕ ತುಂಬಿದ್ದ ಕ್ಯಾನು ಅದು. ಮಾರ್ಜಕದೊಳಗಿನ ಒಂದು ರಾಸಾಯನಿಕ ಹೆಣ್ಣು ಹಾರ್ಮೋನಿನ ವೇಷ ಹಾಕಬಲ್ಲದು. ಮೊದಲ ಫಲಿತಾಂಶವನ್ನು ಬಿಟ್ಟುಬಿಡಲು ಮೇಡಂ ಒಪ್ಪಲಿಲ್ಲ. ಕ್ಯಾನಿನ ಕಥೆಯೇ ಪ್ರಬಂಧದ ನಾಲ್ಕನೆಯ ಅಧ್ಯಾಯವಾಯಿತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೆಚ್ಚಿದ್ದೂ ಅದನ್ನೇ.

ಇಂಥ ಗುರುಗಳಿಗೆ ವಿಶ್ರಾಂತಿ ಬೇಕೆಂದು ಸರಕಾರ ಹೇಳಬಹುದು, ತೊಟ್ಟಿಯ ಮೀನುಗಳು ಹೇಳಲಾರವು. ಅವರ ಆಯುಷ್ಯ ನೂರರಾಚೆ ಹರಿಯಲಿ, ತೊಟ್ಟಿಯ ಪಕ್ಕ ಅವರು ಕೂರುವ ಮರದ ಸ್ಟೂಲು ಅವರಿಗಾಗಿ ಅಲ್ಲೇ ಇರಲಿ.

ಆ ಪೆನ್ನು ಇಂದಿಗೂ ಚಂದ್ರಶಾನ ಬಳಿಯಿದೆ. ಅಳಿಸುವ ಮುನ್ನ ಆ ನಾಲ್ಕು ಚೌಕಗಳಲ್ಲೂ ತಾನು "ಇಲ್ಲ" ಎಂದು ಬರೆದಿದ್ದೆ ಎಂಬುದನ್ನು ಮಾತ್ರ ಅವನು ಅವರಿಗೆ ಎಂದೂ ಹೇಳಲಿಲ್ಲ.